ಕಿವಿ ಮುಟ್ಟಿದ ಕೈ

ಕೊಲೆ ಕೇಸಿನಲ್ಲಿ ಸಿಕ್ಕಿಬಿದ್ದ ಹುಡುಗನೊಬ್ಬನಿಗೆ ರಾಯಚೂರಿನ ಕೋರ್ಟಿನಲ್ಲಿ ಜಾಮೀನು ಕೇಳಿದ್ದೆ. ಹದಿನೆಂಟು ತುಂಬದ ಮಕ್ಕಳಿಗೆ ಎಂಥ ಆರೋಪವಿದ್ದರೂ ಜಾಮೀನು ಸಾಮಾನ್ಯವಾಗಿ ಸಿಗಬೇಕು. ಆದರೆ ಶಾಲೆಯ ದಾಖಲೆಯಂತೆ, ಘಟನೆಗೆ ಹತ್ತು ದಿನ ಮೊದಲೇ ಅವನಿಗೆ ಹದಿನೆಂಟು ತುಂಬಿತ್ತು. ಅರ್ಜಿ ವಜಾ ಆಯಿತು.

ದೇವದುರ್ಗದಿಂದ ಬಂದಿದ್ದ ಅವನ ತಾಯಿ ಹೊರಗೆ ನನ್ನ ಕೋಟು ಹಿಡಿದುಕೊಂಡಳು.

"ಅಂವಗ ಇನ್ನೂ ಹದಿನೇಳ್ರೀ ಸಾಹೇಬ್ರ. ಸಾಲಿಗಿ ಹಚ್ಚಾಕ ಒಯ್ದಾಗ ಮಾಸ್ತರು, ತಲಿ ಮ್ಯಾಲಿಂದ ಕೈ ಹಾಕಿ ಆಕಡಿ ಕಿವಿ ಮುಟ್ಟು ಅಂದ್ರು. ಮುಟ್ಟಿದ. ಆರು ವರ್ಷ ಅಂತ ಬರಕೊಂಡ್ರು. ಐದರಾಗಽ ಅವನ ಕೈ ಉದ್ದ ಇದ್ವು. ನಾನೂ ಚಪ್ಪಾಳಿ ಹೊಡದ್ನಿ."

ಹುಟ್ಟಿದ ದಿನ ಮಾಸ್ತರು ಎಲ್ಲರಿಗೂ ಬರೆಯುವಂಥದ್ದೇ: ಜೂನ್ ಒಂದು. ನನ್ನದೂ ಅದೇ. ಜಡ್ಜ್ ಸಾಹೇಬರದೂ ಇರಬಹುದು. ಕೇಳುವ ಧೈರ್ಯ ನನಗಾಗಲಿಲ್ಲ.