ಕೂತಿಯಾ ಎಂದು ಕೇಳಲಿಲ್ಲ

ಕಳೆದ ಎರಡನೇ ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಹಾಜರಿದ್ದವರು: ನಾನು, ನಮ್ಮ ಅಪಾರ್ಟ್‌ಮೆಂಟಿನ ಮೂವರು ಒಂಬತ್ತನೇ ಕ್ಲಾಸಿನ ಮಕ್ಕಳು, ಮತ್ತು ಅಡುಗೆಮನೆಯ ಬಾಗಿಲಲ್ಲಿ, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ನನ್ನ ಹೆಂಡತಿ ಶಾಂತಾ.

ಪಾಠ: ಜಡತ್ವ. (ನಿವೃತ್ತನಾದರೂ ರಜೆಯ ದಿನದ ಪಾಠ ತಪ್ಪಿಸಿದವನಲ್ಲ.) ನಿಂತದ್ದು ನಿಂತೇ ಇರಲು ನೋಡುತ್ತದೆ, ಓಡುವುದು ಓಡುತ್ತಲೇ ಇರಲು. ಉದಾಹರಣೆ ಬೇಕಲ್ಲ? ಮೂವತ್ತು ವರ್ಷ ಹೇಳಿದ್ದನ್ನೇ ಹೇಳಿದೆ. ಉಪ್ಪಲ್ ಕಡೆ ಹೋಗುವ ಸಿಟಿ ಬಸ್ಸು ದಿಢೀರನೆ ಹೊರಟರೆ ನಿಂತವರು ಹಿಂದಕ್ಕೆ ವಾಲುತ್ತಾರೆ. ಕಾಲು ಬಸ್ಸಿನ ಜೊತೆ ಹೋಯಿತು, ಮೈ ಇದ್ದಲ್ಲೇ ಉಳಿಯಿತು. ಅಷ್ಟೇ.

ಮೇಲಿನ ಮನೆಯ ಪಲ್ಲವಿ ಕೈ ಎತ್ತಿದಳು. ರಾಯಚೂರು ಕಡೆಯ ಹುಡುಗಿ, ಬಾಯಿ ಚುರುಕು.

"ಅಜ್ಜಾರ, ಹಂಗಾದ್ರ ತಪ್ಪು ಯಾರ್ದು? ಬಿದ್ದೋರ್ದೋ, ಗಾಡಿ ಬಿಟ್ಟೋರ್ದೋ?"

"ಪರೀಕ್ಷಾದಾಗ ಅದನ್ನ ಕೇಳೂದಿಲ್ಲ," ಎಂದೆ.

ಬಾಗಿಲಿನಿಂದ ಶಾಂತಾ ಅಂದಳು, "ಈಗ ಕೇಳ್ಯಾಳಲ್ರಿ. ಹೇಳ್ರಿ."

ಮಕ್ಕಳಿಗೆ ಮುಂದಿನ ಪುಟ ತೆಗೆಯಲು ಹೇಳಿದೆ. ನಿಮಗೆ ಹೇಳುತ್ತೇನೆ.

ಅದಕ್ಕೆ ಹದಿನೈದು ದಿನ ಮೊದಲು, ಶಾಂತಾಳ ತಂಗಿಯನ್ನು ಎದುರುಗೊಳ್ಳಲು ಇಬ್ಬರೂ ಸ್ಕೂಟರಿನಲ್ಲಿ ಕಾಚಿಗೂಡ ಸ್ಟೇಷನ್ನಿಗೆ ಹೊರಟಿದ್ದೆವು. ರೈಲಿನ ಟೈಮಿಗೆ ಹತ್ತು ನಿಮಿಷ ಮೊದಲೇ ಪ್ಲಾಟ್‌ಫಾರ್ಮಿನಲ್ಲಿ ಇರುವುದು ನನ್ನ ಶಿಸ್ತು. ಅವಳು ಸೆರಗು ಸರಿಮಾಡಿಕೊಳ್ಳುತ್ತ ಇನ್ನೂ ಕೂರುತ್ತಿದ್ದಳು. ನಾನು ವಾಚು ನೋಡಿದೆ, ಆಕ್ಸಿಲರೇಟರ್ ತಿರುವಿದೆ. ಗಾಡಿ ಹೋಯಿತು. ಅವಳು ಉಳಿದಳು. ಮಣಿಕಟ್ಟು ಮುರಿಯಿತು.

ರಸ್ತೆಯ ಮೇಲೆ ಬಿದ್ದವಳಿಗೆ ನಾನು ಆಡಿದ ಮೊದಲ ಮಾತು ಏನು ಗೊತ್ತೇ?

"ಗಟ್ಟಿ ಹಿಡ್ಕೊಳ್ಳಾಕ ಬರೂದಿಲ್ಲೇನು?"

(ಬಸ್ಸಿನಲ್ಲಿ ವಾಲಿದವರಿಗೆ ಇಂಥ ಮಾತು ನಾನು ಯಾವ ತರಗತಿಯಲ್ಲೂ ಹೇಳಿಲ್ಲ.)

ಪಾಠ ಮಾಡಿದ ಶನಿವಾರವೇ ಸಂಜೆ ನಾಲ್ಕಕ್ಕೆ ಡಾಕ್ಟರಿಗೆ ಕೈ ತೋರಿಸಬೇಕಿತ್ತು. ನಾನು ಸ್ಕೂಟರಿನ ಕೀ ತೆಗೆದುಕೊಂಡೆ.

"ನೀವು ನಿಮ್ಮ ಟೈಮಿಗೆ ಹೋಗ್ರಿ. ನಾ ಆಟೋದಾಗ ಬರ್ತೀನಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಮಾಧಾನ ಮಾಡಬಹುದಿತ್ತು.

ಕೀಯನ್ನು ಮೊಳೆಗೆ ಸಿಕ್ಕಿಸಿ ನಾನೂ ಆಟೋ ಹತ್ತಿದೆ. ಡ್ರೈವರ್ ಹಿಂದಕ್ಕೆ ತಿರುಗಿ ಅವಳ ಕೈ ನೋಡಿದ. "ಕೂರ್ಚುನ್ನಾರಾ ಅಮ್ಮಾ?" ಎಂದ. ತೆಲುಗಿನಲ್ಲಿ, ಕೂತಿರಾ ಅಂತ. ಅವಳು ತಲೆ ಆಡಿಸಿದಳು. ಆಮೇಲೆ ಗಾಡಿ ಬಿಟ್ಟ. ಯಾವ ಪುಸ್ತಕದಲ್ಲಿ ಓದಿದ್ದ ಅವನು?

ಆರಕ್ಕೆ ಮನೆ. ಒಂದೇ ಕೈಯಲ್ಲಿ ಜಡೆ ಹಾಕಿಕೊಳ್ಳಲಾಗದು, ಹಾಗಾಗಿ ಈಗ ಅದು ನನ್ನ ಪಾಲಿನ ಕೆಲಸ.

"ಮೆಲ್ಲಕ ಜಗ್ರಿ. ಯಾವ ರೈಲೂ ಹಿಡೀಬೇಕಾಗಿಲ್ಲ," ಎಂದಳು.

ಆರೂಕಾಲಿಗೆ ಜಡೆ ಮುಗಿಯಿತು. ಆ ದಿನದ ಕೊನೆಯ ಕೆಲಸ.

ಅವಳು ಬಿದ್ದ ದಿನ ಕಾಚಿಗೂಡಕ್ಕೆ ತಂಗಿಯ ರೈಲು ಬಂದದ್ದು ನಲವತ್ತು ನಿಮಿಷ ತಡವಾಗಿ.