ಕೆಂಪು ಕಾರು, ನೀಲಿ ಕಾರು, ಗೋಡೆ ಮಾಸ್ತರು

ನಿನ್ನ ಗಂಡನ ಕೆಲಸ ಏನಮ್ಮಾ ಅಂತ ಯಾರಾದರೂ ಕೇಳಿದರೆ ನಾನು ಮುಚ್ಚುಮರೆ ಮಾಡಲ್ಲ. ಆಟದ ಕಾರುಗಳನ್ನ ಗೋಡೆಗೆ ಗುದ್ದಿಸೋದು ಅಂತ ಹೇಳಿಬಿಡ್ತೀನಿ. ನಗ್ತಾರೆ. ನಗಲಿ, ನನಗೇನು! ಅಂಗೈಯಷ್ಟುದ್ದದ, ರಿಮೋಟಿನಲ್ಲಿ ಓಡೋ ಕಾರುಗಳವು. ಅವುಗಳ ಹುಚ್ಚು ಹಿಡಿದಿರೋದು ಮಕ್ಕಳಿಗಲ್ಲ, ತಲೆ ನರೆತ ಗಂಡಸರಿಗೆ. ಹೊಸದು ಕೊಳ್ಳೋ ಮೊದಲು ಎಲ್ಲರೂ ನಮ್ಮ ಮನೆ ಬಾಗಿಲಿಗೇ ಬರ್ತಾರೆ. "ಗೋಡೆ ಮಾಸ್ತರೇ, ಇದು ತಗೊಳ್ಳಲೋ, ಅದೋ?"

ಇವರು ಎರಡನ್ನೂ ತಿರುವಿನಲ್ಲಿ ಓಡಿಸ್ತಾರೆ, ಮೇಜಿನ ಮೇಲಿಂದ ಹಾರಿಸ್ತಾರೆ, ಕೊನೆಗೆ ಪೂರ್ತಿ ವೇಗದಲ್ಲಿ ಗೋಡೆಗೆ ಬಿಡ್ತಾರೆ. ಚಕ್ರ ಕಿತ್ತು ಹಾರುತ್ತೆ, ಮೂತಿ ಸೀಳುತ್ತೆ. ಎರಡಕ್ಕೂ ಒಂದೇ ಬ್ಯಾಟರಿ. ಒಂದು ಕಾರು ಮುಗಿದ ಮೇಲೆ ಅದನ್ನೇ ಮತ್ತೆ ಪೂರ್ತಿ ಚಾರ್ಜ್ ಮಾಡಿ ಇನ್ನೊಂದಕ್ಕೆ ಹಾಕ್ತಾರೆ. "ಹೊಟ್ಟೆ ತುಂಬಿದವನನ್ನೂ ಹಸಿದವನನ್ನೂ ಕುಸ್ತಿಗೆ ಬಿಡಬಾರದು ಕಣೇ" ಅಂತಾರೆ. ಇವರ ಮಾತಿಗೆ ಬೆಲೆ ಬಂದಿದ್ದೇ ಇದರಿಂದ. ಆ ಮಾತೊಂದು ಹೋದರೆ ನಮ್ಮ ಹತ್ತಿರ ಬೇರೇನೂ ಇಲ್ಲ.

ಆ ಶನಿವಾರ ಕಾರು ಮಾರೋ ಡೀಲರ್ ನಮ್ಮ ಮುಂದಿನ ಕೋಣೆಗೆ ಬಂದ. ಅದೇ ಇವರ ರಿಪೇರಿ ಅಂಗಡಿ. ಜೊತೆಗೆ ಅವನ ಭಾಮೈದ, ಕೋಣದಂಥ ಆಳು. ಅಲ್ಲಿವರೆಗೆ ಬೇರೆ ಕಂಪನಿಯ ನೀಲಿ ಕಾರಿನದೇ ಹವಾ. ಇವನು ಹೊಸದಾಗಿ ಕೆಂಪು ಕಾರು ತರಿಸಿದ್ದ. ಎರಡರಲ್ಲಿ ಯಾವುದು ಗಟ್ಟಿ ಅಂತ ಇವರು ಮರುದಿನ ಊರಿನ ಹಾಲ್‌ನಲ್ಲಿ ಗುದ್ದಿಸಿ ತೋರಿಸೋದಿತ್ತು.

"ನೋಡಯ್ಯಾ, ನಾಳೆ ಹಾಲ್‌ನಲ್ಲಿ ಎಲ್ಲರ ಮುಂದೆ ಕೆಂಪೇ ಗಟ್ಟಿ ಅಂತ ಹೇಳಬೇಕು."

"ನಾನು ಹೇಳೋದಲ್ಲ ಸ್ವಾಮಿ, ಗೋಡೆ ಹೇಳುತ್ತೆ."

ಅಷ್ಟೇ ಅಂದಿದ್ದು. ಕೋಣ ಇವರ ಬಲಗೈ ಎಳೆದು, ಹೆಬ್ಬೆರಳನ್ನ ಮೇಜಿಗೆ ಬಿಗಿದಿದ್ದ ಕಬ್ಬಿಣದ ಇಕ್ಕಳಕ್ಕೆ, ಅದೇ ವೈಸ್‌ಗೆ, ಸಿಕ್ಕಿಸಿ ಹಿಡಿಕೆ ತಿರುಗಿಸಿಬಿಟ್ಟ.

ಆ ಕಿರುಚಾಟಕ್ಕೆ ನಾನು ಅಡುಗೆಮನೆಯಿಂದ ಓಡಿ ಬಂದೆ. ಉಗುರು ಎರಡಾಗಿ ಸೀಳಿ, ರಕ್ತ ಮೇಜಿನಂಚಿನಿಂದ ತೊಟ್ಟಿಕ್ತಿತ್ತು. ಆ ಕಟುಕ ಇನ್ನೂ ತಿರುಗಿಸ್ತಾನೇ ಇದ್ದ! ನನಗೆ ಪಿತ್ತ ನೆತ್ತಿಗೇರಿತು. ಬೆಸುಗೆ ಹಾಕೋ ಐರನ್ ಪಕ್ಕದಲ್ಲೇ ಕಾದು ಕೂತಿತ್ತು. ತಗೊಂಡು ಕೋಣನ ಕತ್ತಿಗೆ ಒತ್ತಿದೆ. ಚುರ್ ಅಂತು. ಸುಟ್ಟ ಚರ್ಮದ ವಾಸನೆ ಕೋಣೆಯೆಲ್ಲಾ ತುಂಬಿತು. ಡೀಲರ್ ನನ್ನ ಜುಟ್ಟು ಹಿಡಿದು ಬಾಯಿಗೆ ಗುದ್ದಿದ, ಹಲ್ಲೊಂದು ಉದುರಿತು. ಬಿಡ್ತೀನಾ? ಉಳಿದ ಹಲ್ಲಲ್ಲಿ ಅವನ ಕೈ ಕಚ್ಚಿದೆ. ಅಕ್ಕಪಕ್ಕದವರು ಓಡಿ ಬಂದ ಮೇಲೇ ಇಬ್ಬರೂ ಕಾಲ್ಕಿತ್ತಿದ್ದು.

"ಮೂಳೆ ಪುಡಿಯಾಗಿದೆ. ಈ ಬೆರಳು ಇನ್ನು ಮಡಚಲ್ಲ" ಅಂದ್ರು ಡಾಕ್ಟರು. ರಿಮೋಟಿನಲ್ಲಿ ಕಾರು ತಿರುಗಿಸ್ತಿದ್ದ ಬೆರಳು ಅದು. ನಡೀರಿ, ಪೊಲೀಸರ ಹತ್ತಿರ ಹೋಗೋಣ ಅಂದೆ. "ನಾಳೆ ಕೆಲಸ ಇದೆ. ಅದು ಮುಗೀಲಿ" ಅಂದ್ರು ಪುಣ್ಯಾತ್ಮರು.

ಭಾನುವಾರ ಹಾಲ್ ತುಂಬಿತ್ತು. ಡೀಲರ್ ಕೈಗೆ ಪಟ್ಟಿ ಸುತ್ತಿಕೊಂಡು ಮುಂದಿನ ಸಾಲಲ್ಲೇ ಕೂತಿದ್ದ, ನಾಚಿಕೆಗೆಟ್ಟವನು. ಇವರು ಕುರ್ಚಿಯಲ್ಲಿ ಕೂತು ರಿಮೋಟ್ ನನ್ನ ಕೈಗೆ ಕೊಟ್ಟರು. ಮದುವೆಯಾದಾಗಿನಿಂದ ಇವರ ಪಕ್ಕ ಓಡಿಸಿ ಓಡಿಸಿ ನನಗೂ ಕೈ ಕುದುರಿದೆ.

ಮೊದಲು ಕೆಂಪು. ಬ್ಯಾಟರಿ ತುಂಬಿತ್ತು. ಒಡೆದು ಚೂರಾಗು ಅಂತ ಶಪಿಸ್ತಾ ಗೋಡೆಗೆ ಬಿಟ್ಟೆ. ಧಡ್! ಏನೂ ಆಗಲಿಲ್ಲ. ಮತ್ತೆ ಬಿಟ್ಟೆ, ಮತ್ತೂ ಬಿಟ್ಟೆ. ದರಿದ್ರದ್ದು, ಮಗುಚಿ ಬಿದ್ದು ಎದ್ದು ನಿಲ್ತಿತ್ತು.

ಆಮೇಲೆ ನೀಲಿ. ಅದೇ ಬ್ಯಾಟರಿಯನ್ನ ಚಾರ್ಜ್ ಮಾಡದೆ ಬೇಕಂತಲೇ ಹಾಗೇ ಹಾಕಿದೆ. ಕಾರು ಮೆಲ್ಲಗೆ ಹೋಗಿ ಗೋಡೆ ಮುಟ್ಟಿತು. ಏನೂ ಮುರೀಲಿಲ್ಲ. "ನೀಲಿನೇ ಗಟ್ಟಿ!" ಅಂತ ಕೂಗಿಬಿಟ್ಟೆ.

"ನಿಲ್ಲಿಸು" ಅಂದ್ರು ಇವರು. "ಮೋಟಾರಿನ ಸದ್ದು ಕೇಳಿದರೇ ಗೊತ್ತಾಗುತ್ತೆ. ಬ್ಯಾಟರಿ ತುಂಬಿಸಿ ಮತ್ತೆ ಗುದ್ದಿಸು."

ಮೈಯೆಲ್ಲಾ ಉರಿದುಹೋಯ್ತು. "ರೀ, ಯಾರ ಪರ ಮಾತಾಡ್ತಿದ್ದೀರಿ? ನಿಮ್ಮ ಕೈ ನೋಡ್ಕೊಳ್ಳಿ ಮೊದಲು!"

"ಕೈ ಹೋಯ್ತು. ಮಾತಾದ್ರೂ ಉಳೀಲಿ ಕಣೇ."

ಬ್ಯಾಟರಿಯನ್ನ ಪೂರ್ತಿ ಚಾರ್ಜ್ ಮಾಡಿ ಹಾಕಿದೆ. ಈ ಸಲ ನೀಲಿ ಪೂರ್ತಿ ವೇಗದಲ್ಲಿ ಹೋಗಿ ಬಡೀತು. ಮುಂದಿನ ಆಕ್ಸಲ್ ಪಟ್ ಅಂತ ಮುರಿದು ಚಕ್ರ ಎರಡೂ ಹಾರಿಹೋದವು.

ಇವರು ಎದ್ದು ನಿಂತು, ಕೇಳೋ ಹಾಗೆ ಹೇಳಿದ್ರು: "ಕೆಂಪೇ ಗಟ್ಟಿ. ಕೊಳ್ಳೋರು ಅದನ್ನೇ ಕೊಳ್ಳಿ."

ಡೀಲರ್ ಮುಖ ಬಿಳಿಚಿಕೊಂಡಿತ್ತು. ಹಲ್ಲು ಗಿಂಜ್ತಾ ಹತ್ತಿರ ಬಂದ. "ಅಣ್ಣಾ, ಅದು... ನಿನ್ನೆ ಕೆಂಪು ಎಲ್ಲಿ ಸೋಲುತ್ತೋ ಅನ್ನೋ ಹೆದರಿಕೆಗೆ..."

"ನೀನೇ ಒಂದು ಸಲ ಗೋಡೆಗೆ ಗುದ್ದಿಸಿ ನೋಡಿದ್ರೆ ಸಾಕಿತ್ತಲ್ಲೋ" ಅಂದ್ರು ಇವರು. ವೈಸ್‌ನಲ್ಲಿ ಬೆರಳು ನುಜ್ಜಾದಾಗ ಕಿರುಚಿದರೂ ಕಣ್ಣೀರು ಹಾಕದ ನನ್ನ ಗಂಡ, ಅಷ್ಟು ಜನರ ಎದುರು ಮಗುವಿನ ಹಾಗೆ ಅತ್ತುಬಿಟ್ಟರು.

ನನಗೆ ತಡೆಯೋಕಾಗಲಿಲ್ಲ. ಕೆಂಪು ಕಾರನ್ನ ಎತ್ತಿಕೊಂಡು ಇದ್ದಬದ್ದ ಬಲವನ್ನೆಲ್ಲಾ ಹಾಕಿ ಅವನ ಮುಖಕ್ಕೆ ಬೀಸಿದೆ. ಅವನ ಮೂಗು ಮುರೀತು. ಕಾರಿಗೆ ಏನೂ ಆಗಲಿಲ್ಲ.