ಉಳಿದ ಒಂದಾಣೆ

ನೂರರ ಹತ್ತು ಪರ್ಸೆಂಟ್ ಎಷ್ಟು ಎಂಬುದನ್ನೂ ಮೊಬೈಲಿನಲ್ಲಿ ಒತ್ತಿ ನೋಡುವ ಮನುಷ್ಯ ನಾನು. ಹತ್ತು ಎಂದು ಗೊತ್ತಿಲ್ಲ ಅಂತಲ್ಲ. ಗೊತ್ತಿದೆ ಎಂದು ಅನ್ನಿಸುತ್ತದೆ, ಅಷ್ಟೆ. ಅನ್ನಿಸುವುದಕ್ಕೂ ಗೊತ್ತಿರುವುದಕ್ಕೂ ನಡುವೆ ಒಂದು ಕಂದಕವಿದೆ ಎಂದು ವಿಶ್ವವಿದ್ಯಾಲಯದಲ್ಲಿ ನನಗೆ ತರ್ಕಶಾಸ್ತ್ರ ಕಲಿಸಿದವರು ತಲೆಯಲ್ಲಿ ತುಂಬಿ ಕಳಿಸಿದ್ದಾರೆ. ಕಂದಕ ತೋರಿಸಿದರೇ ಹೊರತು ದಾಟುವುದಕ್ಕೆ ಹಲಗೆ ಕೊಡಲಿಲ್ಲ. ಆ ಹಲಗೆಯ ಕೆಲಸವನ್ನು ಈಗ ಮೊಬೈಲ್ ಮಾಡುತ್ತಿದೆ. ಒತ್ತುತ್ತೇನೆ, ಹತ್ತು ಎಂದು ಬರುತ್ತದೆ, ಉಸಿರು ಬಿಡುತ್ತೇನೆ. ಪಕ್ಕದಲ್ಲಿ ಕೂತವರು ಏನೋ ದೊಡ್ಡ ಸಮಸ್ಯೆ ಬಗೆಹರಿಯಿತು ಎಂದುಕೊಳ್ಳುತ್ತಾರೆ.

ಈ ಚಟ ಬಲಿತದ್ದು ಬಸ್ಸಿನಲ್ಲಿ. ನಾನು ಪಾಠ ಹೇಳುವುದು ತಾಂಡೂರಿನಲ್ಲಿ, ನನ್ನನ್ನು ಸಾಕಿದ ದೊಡ್ಡವ್ವ ಇರುವುದು ನಾರಾಯಣಖೇಡದಲ್ಲಿ, ನಡುವೆ ಜಹೀರಾಬಾದಿನಲ್ಲಿ ಇಳಿದು ಬಸ್ಸು ಬದಲಿಸಬೇಕು. ನಮ್ಮ ರಸ್ತೆಯ ಕುಲುಕಿನಲ್ಲಿ ಪುಸ್ತಕ ಓದಲಾಗುವುದಿಲ್ಲ, ಲೆಕ್ಕ ಮಾಡಬಹುದು. ನಿಂತವರಲ್ಲಿ ಎಷ್ಟು ಪರ್ಸೆಂಟ್ ಜನ ಫೋನಿನಲ್ಲಿ ಮಾತಾಡುತ್ತಿದ್ದಾರೆ, ಅವರಲ್ಲಿ ಎಷ್ಟು ಪರ್ಸೆಂಟ್ ಜನ ಇನ್ನೂ ಮೊಗುಡಂಪಲ್ಲಿಯ ಕ್ರಾಸಿನಲ್ಲಿದ್ದೂ ‘ಊರು ಮುಟ್ಟೇಬಿಟ್ಟೆ’ ಎಂದು ಸುಳ್ಳು ಹೇಳುತ್ತಿದ್ದಾರೆ, ಆ ಸುಳ್ಳಿನಲ್ಲಿ ಕನ್ನಡದ ಪಾಲೆಷ್ಟು, ತೆಲುಗಿನದೆಷ್ಟು, ದಖನಿ ಉರ್ದುವಿನದೆಷ್ಟು. ಹೀಗೆ ಒತ್ತುತ್ತ ಕೂತಾಗಲೇ ಒಂದು ಸಂಗತಿ ಸಿಕ್ಕಿತು. ಇಪ್ಪತ್ತೈದರ ಹದಿನಾರು ಪರ್ಸೆಂಟೂ ಹದಿನಾರರ ಇಪ್ಪತ್ತೈದು ಪರ್ಸೆಂಟೂ ಒಂದೇ, ನಾಲ್ಕು. ಯಾವ ಎರಡು ಸಂಖ್ಯೆ ಕೊಟ್ಟರೂ ಹಾಗೆಯೇ, ತಿರುಗಿಸಿ ಹಾಕಿದರೂ ಉತ್ತರ ಬದಲಾಗುವುದಿಲ್ಲ. ಗಣಿತ ಬಲ್ಲವರಿಗೆ ಇದು ಏನೂ ಅಲ್ಲ. ನನಗೆ ಮಾತ್ರ ಅವತ್ತು ಬಸ್ಸು ಒಂದು ಗೇಣು ಮೇಲೆ ಹೋದಂತಾಯಿತು. ಅದು ರಸ್ತೆಯ ತಗ್ಗೂ ಇರಬಹುದು.

ಇಷ್ಟು ಪ್ರೀತಿಯಿಂದ ನಂಬಿದ ಪರ್ಸೆಂಟ್ ನನಗೆ ಕೈ ಕೊಟ್ಟದ್ದು ದೊಡ್ಡವ್ವನ ಎಡಗಣ್ಣಿನ ವಿಷಯದಲ್ಲಿ.

ದೊಡ್ಡವ್ವನ ಚಹಾ ಕುಡಿಯದವರು ಆ ಓಣಿಯಲ್ಲಿಲ್ಲ. ಚಹಾ ಏನು ಎಲ್ಲರ ಮನೆಯ ಚಹಾದಂಥದೇ. ಅದನ್ನು ಆಕೆ ಹಾಕುವ ರೀತಿ ಬೇರೆ. ಕೇತ್ಲಿಯನ್ನು ಮೊಳದ ಎತ್ತರಕ್ಕೆ ಎತ್ತಿ, ಎದುರು ಕೂತವರ ಮುಖ ನೋಡುತ್ತ, ಅವರ ಮನೆಯ ಸುದ್ದಿ ಕೇಳುತ್ತ, ಕಪ್ಪಿನ ಕಡೆ ನೋಡದೆ ಹಾಕುತ್ತಿದ್ದಳು. ಕಪ್ಪು ತುಂಬುವ ಹೊತ್ತಿಗೆ ಕೇಳಬೇಕಾದ ಸುದ್ದಿಯೆಲ್ಲ ಹೊರಗೆ ಬಂದಿರುತ್ತಿತ್ತು. ಎರಡು ಕಣ್ಣಿಗೂ ಪೊರೆ ಬಂತು. ಬಲಗಣ್ಣಿನದನ್ನು ತೆಗೆಸಿದೆವು, ಚೆನ್ನಾಗಿ ಕಾಣತೊಡಗಿತು. ಎಡಗಣ್ಣಿಗೆ ಮಾತ್ರ ಚಿಕ್ಕಂದಿನಲ್ಲಿ ಜೋಳದ ಒಣ ಎಲೆ ಹೊಡೆದು ಆದ ಹಳೆಯ ಗಾಯವಿತ್ತು. ಆ ಕಣ್ಣನ್ನು ಮುಟ್ಟಲು ಡಾಕ್ಟರರು ಹಿಂದೆಮುಂದೆ ನೋಡುತ್ತ ಬಂದರು. ಒಂದೇ ಕಣ್ಣಿಗೆ ದೂರ ಹತ್ತಿರ ಸರಿಯಾಗಿ ತಿಳಿಯುವುದಿಲ್ಲ. ಚಹಾದ ಧಾರೆ ಕಪ್ಪನ್ನು ಬಿಟ್ಟು ಅದರಡಿಯ ಬಸಿಗೆ, ಬಸಿಯನ್ನು ಬಿಟ್ಟು ತಾಟಿಗೆ ಬೀಳತೊಡಗಿತು. ಒಂದು ದಿನ ಬೀಗರ ಧೋತರಕ್ಕೆ ಬಿತ್ತು. ಅವತ್ತು ಸೊಸೆ ಮಂಜುಳಾ ಮೆಲ್ಲಗೆ, ‘ಅತ್ತಿ, ನೀವು ಮಾತಾಡ್ರಿ, ನಾ ಹಾಕ್ತೀನಿ’ ಎಂದು ಕೇತ್ಲಿ ತೆಗೆದುಕೊಂಡಳು. ಅದು ತಿರುಗಿ ದೊಡ್ಡವ್ವನ ಕೈಗೆ ಬರಲಿಲ್ಲ. ಬರೀ ಮಾತಾಡಲು ಕೂತ ಮೇಲೆ ಆಕೆಗೆ ಮಾತೂ ಬರುತ್ತಿರಲಿಲ್ಲ.

ಹೈದರಾಬಾದಿನಿಂದ ವಾರಕ್ಕೊಮ್ಮೆ ಜಹೀರಾಬಾದಿಗೆ ಬರುವ ಕಣ್ಣಿನ ಡಾಕ್ಟರರ ಹತ್ತಿರ ಆಕೆಯನ್ನು ಕರೆದೊಯ್ದವನು ನಾನು. ಓದಿದವನು, ಸರಿಯಾಗಿ ಕೇಳಿಕೊಂಡು ಬರುತ್ತಾನೆ ಎಂದು ಮನೆಯವರ ನಂಬಿಕೆ. ಪರೀಕ್ಷೆ ಮುಗಿಸಿ, ಆಕೆಯ ಕಣ್ಣಿಗೆ ಔಷಧಿ ಹಾಕಿ ಹೊರಗೆ ಕೂರಿಸಿ, ಡಾಕ್ಟರರು ನನಗೊಬ್ಬನಿಗೇ ಹೇಳಿದರು: ಆಪರೇಶನ್ ಮಾಡಬಹುದು, ನೂರಕ್ಕೆ ಇಷ್ಟು ಪಾಲು ಯಶಸ್ಸು, ಆಗದಿದ್ದರೆ ಈಗ ಇರುವ ಮಬ್ಬು ಬೆಳಕೂ ಹೋಗಬಹುದು. ನಾನು ಗಂಭೀರವಾಗಿ ತಲೆಯಾಡಿಸಿದೆ. ಮುಂದಿನ ವಾರಕ್ಕೆ ದಿನ ಗೊತ್ತು ಮಾಡಿಕೊಂಡು ಹೊರಗೆ ಬಂದೆ.

ಬಸ್ಸು ಹತ್ತಿದ ಮೇಲೆ ದೊಡ್ಡವ್ವ ಕೇಳಿದಳು. ‘ನೂರರಾಗ ತೊಂಬತ್ತು ಛಲೋ ಆಗ್ತದ ಅಂದಾರ’ ಎಂದೆ. ಮನೆಗೆ ಬಂದು ನೀರು ಕುಡಿದ ಮೇಲೆ ಮಂಜುಳಾ ಕೇಳಿದಳು. ‘ತೊಂಬತ್ತೈದು’ ಎಂದೆ.

‘ಹಂಗಾರ ಪಾಸೇ ಅಲ್ರಿ, ಭಾವ’ ಎಂದಳು ಮಂಜುಳಾ.

ಮೂಲೆಯಿಂದ ದೊಡ್ಡವ್ವನ ದನಿ ಬಂತು. ‘ದಾರ್ಯಾಗ ತೊಂಬತ್ತು ಅಂದಿದ್ದಿ. ಖೇಡ ಬರೂದ್ರಾಗ ಐದು ಬೆಳದಾವೇನು? ಬಸ್ಸು ಇನ್ನಾ ಜರಾ ಮೆಲ್ಲಕ ಬಂದಿದ್ರ ನೂರೇ ಆಗ್ತಿತ್ತು ನೋಡು.’

ನಾನು ನಕ್ಕೆ. ಆಕೆ ನಗಲಿಲ್ಲ. ‘ಗೊತ್ತಿಲ್ಲದ ಲೆಕ್ಕಕ್ಕ ನಾ ಕಣ್ಣು ಕೊಡಾಂಗಿಲ್ಲ, ರಾಚ್ಯಾ. ಬರೋಬರಿ ನೆನಪ ಮಾಡ್ಕೊಂಡು ಬಾ. ಆಮ್ಯಾಲ ನೋಡಮು’ ಎಂದು ಎದ್ದು ಒಳಗೆ ಹೋದಳು.

ನೆನಪು ಮಾಡಿಕೊಳ್ಳುವುದು ಎಂದರೆ ಏನು ಎಂಬ ತಲೆನೋವು ನನಗೆ ಅವತ್ತಿನಿಂದ ಶುರುವಾಯಿತು. ಡಾಕ್ಟರರ ಮುಖ ಕಾಣುತ್ತದೆ, ಬಾಯಿ ತೆರೆಯುತ್ತದೆ, ನಾನು ತೊಂಬತ್ತು ಎಂದುಕೊಂಡರೆ ಆ ಬಾಯಿ ತೊಂಬತ್ತು ಅನ್ನುತ್ತದೆ, ತೊಂಬತ್ತೈದು ಎಂದುಕೊಂಡರೆ ಅದನ್ನೇ ಅನ್ನುತ್ತದೆ. ಇಷ್ಟು ವಿಧೇಯನಾದ ಸಾಕ್ಷಿಯನ್ನು ಯಾವ ನ್ಯಾಯಾಲಯ ಒಪ್ಪುತ್ತದೆ? ಅವರು ಹೇಳಿದ್ದು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಎಂಬುದೂ ಜಾರಿಹೋಗಿತ್ತು. ನಮ್ಮ ಕಡೆಯವರ ಪಾಡೇ ಇದು. ಕೇಳುವುದು ಒಂದು ಭಾಷೆಯಲ್ಲಿ, ಇಟ್ಟುಕೊಳ್ಳುವುದು ಇನ್ನೊಂದರಲ್ಲಿ, ತೆಗೆದುಕೊಡುವುದು ಮೂರನೆಯದರಲ್ಲಿ.

ತೊಂಬತ್ತಾದರೇನು, ತೊಂಬತ್ತೈದಾದರೇನು, ಎರಡೂ ಒಳ್ಳೆಯ ಅಂಕವೇ ಎಂದು ನೀವು ಹೇಳಬಹುದು. ನಾನೂ ತಾಂಡೂರಿನ ತನಕ ಹಾಗೆಯೇ ಹೇಳಿಕೊಂಡು ಬಂದೆ. ಆಮೇಲೆ ಉಳಿದದ್ದರ ಕಡೆ ನೋಡಿದೆ. ತೊಂಬತ್ತೈದಾದರೆ ಉಳಿಯುವುದು ಐದು, ತೊಂಬತ್ತಾದರೆ ಹತ್ತು. ಹತ್ತು ಭಾಗಿಸು ಐದು, ಗುಣಿಸು ನೂರು ಎಂದು ಒತ್ತಿದೆ. ಇನ್ನೂರು ಎಂದು ಬಂತು. ಅಂದರೆ ನಾನು ಮರೆತದ್ದು ಒಂದು ಪುಟ್ಟ ಐದನ್ನಲ್ಲ, ಇಮ್ಮಡಿ ಅಪಾಯವನ್ನು. ಗೆಲುವಿನ ಕಡೆಯಿಂದ ನೋಡಿದರೆ ಕೂದಲೆಳೆ, ಸೋಲಿನ ಕಡೆಯಿಂದ ನೋಡಿದರೆ ಹಗ್ಗ. ಒಂದೇ ಲೆಕ್ಕ ಎರಡು ಬಾಗಿಲಿನಿಂದ ಎರಡು ಮನೆಯಂತೆ ಕಂಡರೆ ಯಾವುದರೊಳಗೆ ಹೋಗಬೇಕು?

ಗಾಬರಿಯಲ್ಲಿ ಇನ್ನೊಂದು ಕೆಲಸ ಮಾಡಿದೆ. ತೊಂಬತ್ತಕ್ಕೆ ಐದು ಪರ್ಸೆಂಟ್ ಕೂಡಿಸಿದರೆ ತೊಂಬತ್ತೈದು ತಾನೇ ಎಂದು ಖಾತ್ರಿ ಮಾಡಿಕೊಳ್ಳಲು ಫೋನಿನಲ್ಲಿ ಹಾಗೆಯೇ ಒತ್ತಿದೆ. ತೊಂಬತ್ನಾಲ್ಕೂವರೆ ಎಂದು ಬಂತು. ಅದು ತೊಂಬತ್ತರ ಐದು ಪರ್ಸೆಂಟ್ ಎಷ್ಟು ಎಂದು ಲೆಕ್ಕ ಹಾಕಿ, ಆ ನಾಲ್ಕೂವರೆಯನ್ನು ಕೂಡಿಸಿತ್ತು. ಅದರದೇನೂ ತಪ್ಪಿಲ್ಲ. ನಂಬಿಕೆಯಾಗದೆ ಹೆಂಡತಿ ಶೈಲಾಳ ಹಳೆಯ ಫೋನಿನಲ್ಲಿ ಅದನ್ನೇ ಒತ್ತಿದೆ. ಅದು ತೊಂಬತ್ತರ ಮೇಲೆ ಒಂದು ಚುಕ್ಕೆ ಇಟ್ಟು, ಸೊನ್ನೆ ಐದು ಎಂದು ತೋರಿಸಿತು. ಎರಡರಲ್ಲಿ ಯಾವುದು ಎಂದು ಒದ್ದಾಡುತ್ತಿದ್ದವನಿಗೆ ಈಗ ನಾಲ್ಕು ಸಂಖ್ಯೆಗಳಾದವು.

ಶೈಲಾ ಎರಡೂ ಫೋನುಗಳನ್ನು ನೋಡಿ, ‘ಇವಕ್ಕ ಲೆಕ್ಕ ಬರ್ತದ್ರಿ. ನಿಮಗ ಏನ ಕೇಳಬೇಕು ಅನ್ನೂದು ಬರಂಗಿಲ್ಲ’ ಎಂದು ತನ್ನದನ್ನು ಕಸಿದುಕೊಂಡಳು.

ಆಸ್ಪತ್ರೆಗೆ ಫೋನು ಮಾಡಿದೆ. ಡಾಕ್ಟರರು ಬರುವುದು ಆಪರೇಶನ್ ದಿನವೇ, ಇಂಥದ್ದೆಲ್ಲ ಫೋನಿನಲ್ಲಿ ಹೇಳುವುದಿಲ್ಲ ಎಂದರು. ಆಗ ನನ್ನೊಳಗಿನ ತರ್ಕದ ವಿದ್ಯಾರ್ಥಿ ಎದ್ದು ಕೂತ. ಮಾತು ನೆನಪಿಲ್ಲದಿದ್ದರೆ ಮಾತಾಡಿದ ಕೋಣೆಯಾದರೂ ನೆನಪಿದೆಯೇ ಪರೀಕ್ಷಿಸೋಣ, ಅದು ಸರಿಯಿದ್ದರೆ ಇದೂ ಸರಿಯಿರುತ್ತದೆ. ಮುಂದಿನ ಭಾನುವಾರ ನಾರಾಯಣಖೇಡಕ್ಕೆ ಹೋಗಿ ದೊಡ್ಡವ್ವನ ಮುಂದೆ ಕೂತು ಹೇಳತೊಡಗಿದೆ. ಕೋಣೆಗೆ ನೀಲಿ ಪರದೆಯಿತ್ತು.

‘ಪರದೆ ಇರಲೇ ಇಲ್ಲ.’

ಡಾಕ್ಟರರಿಗೆ ಚಷ್ಮ ಇತ್ತು.

‘ಚಷ್ಮ ನಿನಗದ. ಅವರಿಗಿಲ್ಲ.’

ಮೇಜಿನ ಮೇಲೆ ಕಣ್ಣಿನ ದೊಡ್ಡದೊಂದು ಬೊಂಬೆಯಿತ್ತು. ಇತ್ತಂತೆ. ಗೋಡೆಗೆ ಕ್ಯಾಲೆಂಡರ್ ಇತ್ತು. ಅದು ಗಡಿಯಾರವಂತೆ. ನರ್ಸು ಎತ್ತರದವಳು. ಹೌದಂತೆ. ಐದರಲ್ಲಿ ಎರಡು ಸರಿ, ನಲವತ್ತು ಪರ್ಸೆಂಟ್. ಅದೂ ಒಂದೇ ಕಣ್ಣಿನ ಸಾಕ್ಷಿ ಕೊಟ್ಟ ತೀರ್ಪು. ನಲವತ್ತು ಪರ್ಸೆಂಟಿನ ನೆನಪು ಹೇಳುವ ತೊಂಬತ್ತು ಪರ್ಸೆಂಟಿಗೆ ಬೆಲೆ ಎಷ್ಟು ಎಂದು ಒತ್ತಿದೆ. ಮೂವತ್ತಾರು. ಇದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ದೊಡ್ಡವ್ವ, ‘ಆಣ್ಯಾಗ ಹೇಳು’ ಎಂದಳು.

ಇದನ್ನು ಬೇರೆ ಕಡೆಯವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಹಳಬರಿಗೆ ಯಾವುದೂ ನೂರರಲ್ಲಿ ಇಲ್ಲ, ಹದಿನಾರರಲ್ಲಿದೆ. ರೂಪಾಯಿಗೆ ಹದಿನಾರಾಣೆ ಎಂಬ ಲೆಕ್ಕ ಚಲಾವಣೆ ಬಿಟ್ಟು ಎಷ್ಟೋ ಕಾಲವಾದರೂ ಜಗತ್ತನ್ನು ಅಳೆಯುವ ಕೆಲಸದಿಂದ ಅದು ನಿವೃತ್ತಿಯಾಗಿಲ್ಲ. ಹಿಂದೆ ಕಂದಾಯದವರು ಹೊಲದ ಬದುವಿನಲ್ಲಿ ನಿಂತು, ಕಣ್ಣು ಸಣ್ಣ ಮಾಡಿ, ‘ಹತ್ತಾಣೆ ಬೆಳಿ’ ಎಂದು ಅಂದಾಜು ಹೇಳುತ್ತಿದ್ದರು. ಅದಕ್ಕೆ ಆಣೆವಾರಿ ಎಂದು ಹೆಸರು. ಹೊಲದಿಂದ ಆ ಮಾತು ಮನೆಗೆ ಬಂತು. ಜ್ವರ ಎಂಟಾಣೆ ಇಳಿಯುತ್ತದೆ, ವರ ಹನ್ನೆರಡಾಣೆ ಒಪ್ಪಿಗೆಯಾಗುತ್ತಾನೆ, ಅಡುಗೆ ಹದಿನಾರಾಣೆ ಆಗುತ್ತದೆ. ನಾಗಲಗಿದ್ದದ ಕಡೆಯ ನಮ್ಮ ಸಂಬಂಧಿಕರೊಬ್ಬರು ‘ಆರಾಮ ಅದೀರಾ’ ಎಂದು ಕೇಳಿದವರಿಗೆಲ್ಲ ‘ಹದಿಮೂರಾಣೆ’ ಎಂದೇ ಹೇಳುತ್ತಿದ್ದರು. ಹದಿನಾಲ್ಕಕ್ಕೆ ಅವರು ಎಂದೂ ಏರಲಿಲ್ಲ, ಹನ್ನೆರಡಕ್ಕೆ ಇಳಿಯಲೂ ಇಲ್ಲ.

ಫೋನು ತೆಗೆದೆ. ಹದಿನಾರರ ತೊಂಬತ್ತು ಪರ್ಸೆಂಟ್, ಹದಿನಾಲ್ಕು ಚುಕ್ಕೆ ನಾಲ್ಕು. ಹದಿನಾರರ ತೊಂಬತ್ತೈದು ಪರ್ಸೆಂಟ್, ಹದಿನೈದು ಚುಕ್ಕೆ ಎರಡು.

‘ಚುಕ್ಕಿ ಬಿಡು. ಹದಿನಾಕೋ ಹದಿನೈದೋ ಅಂತಿ, ಹೌದಲ್ಲ? ನಡುವ ಒಂದಾಣೆ.’

‘ಹೂಂ. ಆದರ ಆ ಒಂದಾಣೆ ಅಂದ್ರ...’

‘ಲೆಕ್ಕ ಸಾಕು. ಕೆಟ್ಟರ ಏನ ಹೋಗ್ತದ, ಅದ ಹೇಳು.’

ಇಷ್ಟು ದಿನ ನಾನು ಎಷ್ಟು ಎಂಬುದನ್ನು ಮಾತ್ರ ಹುಡುಕುತ್ತಿದ್ದೆ, ಏನು ಎಂಬುದನ್ನು ಆಕೆಗೆ ಇನ್ನೂ ಹೇಳಿರಲೇ ಇಲ್ಲ. ಹೇಳಲು ಅಂಜಿದ್ದೆ ಎಂದರೂ ಸರಿಯೇ. ಈಗ ಹೇಳಿದೆ: ಈಗ ಇರುವ ಮಬ್ಬು ಬೆಳಕೂ ಹೋಗಬಹುದು.

ಆಕೆ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡಳು. ಎಡಗಣ್ಣನ್ನು ಬಾಗಿಲಿನ ಕಡೆ ತಿರುಗಿಸಿ ತುಸು ಹೊತ್ತು ಕೂತಳು. ಮಂಜುಳಾ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು.

‘ಯಾರೋ ನಿಂತಂಗ ಅದ. ಯಾರಂತ ಗೊತ್ತಾಗಲ್ಲ. ಇಷ್ಟೇ ನೋಡು ಇರೂದು, ಒಂದಾಣೆ. ಕೆಟ್ಟರ ಇದು ಹೋಗ್ತದ. ಹೋಗಲಿ.’ ಕೈ ತೆಗೆದು ನನ್ನ ಕಡೆ ನೋಡಿದಳು. ‘ನಡಿ, ಹೋಗಮು.’

ಮಂಜುಳಾ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಕೇತ್ಲಿ ಕಸಿದವಳ ಮನಸ್ಸಿನಲ್ಲಿ ಏನಿತ್ತೋ.

ಆಪರೇಶನ್ನಿನ ದಿನ ಡಾಕ್ಟರರು ಕೈ ತೊಳೆಯಲು ಹೋಗುವ ಮುನ್ನ ಅಡ್ಡಗಟ್ಟಿ ಕೇಳಿಯೇಬಿಟ್ಟೆ. ಅವತ್ತು ನೀವು ನೂರಕ್ಕೆ ಎಷ್ಟು ಎಂದು ಹೇಳಿದಿರಿ? ಅವರು ಚಷ್ಮವಿಲ್ಲದ ಕಣ್ಣುಗಳಿಂದ ಮೇಲೆ ನೋಡಿ ಯೋಚಿಸಿದರು. ‘ತೊಂಬತ್ತು, ತೊಂಬತ್ತೈದು, ಹೀಗೇ ಏನೋ ಅಂದಿರುತ್ತೇನೆ’ ಎಂದು ತೆಲುಗಿನಲ್ಲಿ ಹೇಳಿ ಒಳಗೆ ಹೋದರು. ನಾನು ಬೆಂಚಿನ ಮೇಲೆ ಕೂತೆ. ಮರೆತಿದ್ದೇನೆ ಎಂದು ಇಷ್ಟು ದಿನ ಕೊರಗಿದ್ದೆನಲ್ಲ, ಮರೆಯಲು ಅಲ್ಲಿ ಏನಾದರೂ ಇತ್ತೇ? ಅವರು ಹೇಳಿದ್ದು ಒಂದು ಸಂಖ್ಯೆಯನ್ನೇ ಅಲ್ಲದಿರಬಹುದು, ನೋಡೋಣ ಎಂಬ ಮಾತಿಗೆ ಅಂಕದ ಅಂಗಿ ತೊಡಿಸಿದ್ದಿರಬಹುದು. ಹಾಗಾದರೆ ನನ್ನ ಎರಡು ನೆನಪೂ ಸರಿ, ಎರಡೂ ತಪ್ಪು. ಇದನ್ನು ಯಾವ ಗುಂಡಿ ಒತ್ತಿ ನೋಡಬೇಕು ಎಂದು ತಿಳಿಯದೆ ಫೋನನ್ನು ಜೇಬಿನಲ್ಲೇ ಇಟ್ಟೆ. ಎದುರಿನ ತೆರೆದ ಬಾಗಿಲಿನೊಳಗೆ, ಡಾಕ್ಟರರ ಕೋಣೆಯ ಗೋಡೆಯ ಮೇಲೆ ಗಡಿಯಾರ ಓಡುತ್ತಿತ್ತು. ಗಡಿಯಾರವೇ.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ನಾನಿರಲಿಲ್ಲ, ಪರೀಕ್ಷೆಯ ಕೆಲಸವಿತ್ತು. ಫೋನಿನಲ್ಲಿ ಮಂಜುಳಾ, ‘ಏನೂ ಹೇಳವಲ್ಲರಿ, ಭಾವ. ನೀವೇ ಬಂದು ಕೇಳ್ರಿ’ ಎಂದಳು. ಆ ಸಲ ಬಸ್ಸಿನಲ್ಲಿ ಒಂದು ಲೆಕ್ಕವೂ ಆಗಲಿಲ್ಲ.

ಹೋದಾಗ ದೊಡ್ಡವ್ವ ಕಪ್ಪು ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಮಂಜುಳಾ ತಾಟಿನಲ್ಲಿ ಕಪ್ಪೂ ಬಸಿಯೂ ತಂದಿಟ್ಟಳು. ಕೇತ್ಲಿಯನ್ನೂ ತಂದು, ತಾನು ಹಾಕದೆ, ಅತ್ತೆಯ ಬಲಗೈಯ ಬದಿಗಿಟ್ಟು ಹಿಂದೆ ಸರಿದಳು. ದೊಡ್ಡವ್ವ ಕನ್ನಡಕ ತೆಗೆದಳು. ಕೇತ್ಲಿ ಎತ್ತಿದಳು, ಮೊಳದಷ್ಟಲ್ಲ, ಗೇಣಿನಷ್ಟು. ನನ್ನ ಮುಖ ನೋಡುತ್ತ, ‘ಶೈಲಾ ಯಾಕ ಬರಲಿಲ್ಲ?’ ಎಂದು ಕೇಳಿದಳು. ಅವಳು ಯಾಕೆ ಬರಲಿಲ್ಲ ಎಂದು ನಾನೇನೋ ಹೇಳಿದೆ, ನನ್ನ ಕಣ್ಣು ಮಾತ್ರ ಧಾರೆಯ ಮೇಲಿತ್ತು. ಅದು ನೇರ ಕಪ್ಪಿನೊಳಗೆ ಇಳಿಯುತ್ತಿತ್ತು. ತುಂಬಿ ಬಂದಾಗ ಕೈ ತುಸು ಅಲುಗಿ, ಕೊನೆಯ ಒಂದು ಗುಟುಕು ಬಸಿಗೆ ಬಿತ್ತು.

‘ಈಗ ಎಷ್ಟು ಕಾಣಸ್ತದ, ದೊಡ್ಡವ್ವ?’

‘ಹದಿನೈದಾಣೆ.’

‘ಉಳಿದ ಒಂದಾಣೆ?’

‘ಬಸಿಯಾಗ ಬಿದ್ದದ ನೋಡು. ಅದನ್ನೂ ಕುಡಿ.’

ಕೈ ತಾನಾಗಿ ಜೇಬಿಗೆ ಹೋಯಿತು. ಒಂದು ಭಾಗಿಸು ಹದಿನಾರು, ಗುಣಿಸು ನೂರು. ಆರೂಕಾಲು. ಐದೂ ಅಲ್ಲ, ಹತ್ತೂ ಅಲ್ಲ. ಆಕೆ ನನ್ನನ್ನೇ ನೋಡುತ್ತಿದ್ದಳು, ಎರಡೂ ಕಣ್ಣಿನಿಂದ. ಫೋನನ್ನು ಬೋರಲು ಹಾಕಿ, ಮೊದಲು ಬಸಿಯನ್ನು ಎತ್ತಿಕೊಂಡೆ.